ಮನೆಗೆ ಯಾವ ಇಂಟರ್ನೆಟ್ ಹಾಕಿಸಬೇಕು? ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯವರಿಗೊಂದು ಹೋಲಿಕೆ

ಓಣಿಯ ಕಂಬಕ್ಕೆ ಒಬ್ಬರ ಬೋರ್ಡು: 100 ಎಂಬಿಪಿಎಸ್ ಫೈಬರ್. ಕಿರಾಣಿ ಅಂಗಡಿಯ ಗೋಡೆಗೆ ಇನ್ನೊಬ್ಬರದು: ವೈರೇ ಬೇಡ, 5ಜಿ. ಟಿವಿ ಕೇಬಲ್‌ನವರು ತಿಂಗಳ ದುಡ್ಡು ಕೇಳಲು ಬಂದಾಗ ‘ನಮ್ಮದೂ ನೆಟ್ ಐತ್ರಿ, ಹಾಕಿಸ್ಕೊಳ್ರಿ’ ಅಂತಾರೆ. ಹಳ್ಳಿಯ ಕಡೆ ಹೋದರೆ ಮಾಳಿಗೆಯ ಮೇಲೆ ಡಿಶ್ ಕೂರಿಸಿ ನೆಟ್ ಕೊಡುವವರೂ ಇದ್ದಾರೆ. ಯಾರದನ್ನು ಹಾಕಿಸುವುದು?

ಎಲ್ಲ ಬೋರ್ಡುಗಳ ಮೇಲೂ ದಪ್ಪ ಅಕ್ಷರದಲ್ಲಿರುವುದು ಸ್ಪೀಡು. ಮನೆಯ ನೆಟ್ ಹೇಗೆ ಓಡುತ್ತದೆ ಎಂಬುದನ್ನು ಆ ಅಂಕಿ ಹೇಳುವುದು ಬಹಳ ಕಡಿಮೆ. ಹುಬ್ಬಳ್ಳಿಯಿಂದ ಬೆಂಗಳೂರಿಗೋ ಮುಂಬೈಗೋ ಹೋಗುವ ದೊಡ್ಡ ದಾರಿ ಹೆಚ್ಚುಕಡಿಮೆ ಎಲ್ಲರದ್ದೂ ಗಾಜಿನ ಎಳೆಯೇ, ಅಂದರೆ ಫೈಬರ್. ಬೇರೆಯಾಗುವುದು ಕೊನೆಯ ತುಂಡು, ಕಂಬದಿಂದಲೋ ಟವರ್‌ನಿಂದಲೋ ನಿಮ್ಮ ಗೋಡೆಯವರೆಗಿನದು. ನೆಟ್ ಕೆಡುವುದು ಬಹುತೇಕ ಅಲ್ಲೇ. ಹಾಗಾಗಿ ಕಂಪನಿಯ ಹೆಸರು ನೋಡುವ ಮೊದಲು ಆ ತುಂಡನ್ನು ನೋಡಬೇಕು. ಒಂದೇ ಕಂಪನಿಯ ನೆಟ್ ಕೇಶ್ವಾಪುರದಲ್ಲಿ ಚೆನ್ನಾಗಿದ್ದು ಹಳೇ ಹುಬ್ಬಳ್ಳಿಯ ಇಕ್ಕಟ್ಟು ಓಣಿಯಲ್ಲಿ ಕೈಕೊಡಬಹುದು.

ಯಾವುದರಿಂದ ಅಳೆಯುವುದು

ಸ್ಪೀಡಿನ ಲೆಕ್ಕ ಸಣ್ಣದು, ಅದನ್ನು ಮೊದಲು ಮುಗಿಸೋಣ. ಒಂದು ಟಿವಿಯಲ್ಲಿ ಎಚ್‌ಡಿ ಸಿನಿಮಾಕ್ಕೆ 5 ಎಂಬಿಪಿಎಸ್ ಸಾಕು, 4ಕೆ ಆದರೆ 15ರಿಂದ 25. ಒಳ್ಳೆಯ ವಿಡಿಯೊ ಕಾಲ್‌ಗೆ ಹೋಗಲು ಬರಲು ತಲಾ 3-4. ನಾಲ್ಕು ಮಂದಿ ಒಟ್ಟಿಗೆ ಬಳಸಿದರೂ 40 ದಾಟುವುದು ಅಪರೂಪ. ಇನ್ನೊಂದು ಮಾತು: ಎಂಬಿಪಿಎಸ್ ಅಂದರೆ ಸೆಕೆಂಡಿಗೆ ಇಷ್ಟು ಮೆಗಾಬಿಟ್, ಫೈಲಿನ ಗಾತ್ರ ಇರುವುದು ಮೆಗಾಬೈಟ್‌ನಲ್ಲಿ. 8ರಿಂದ ಭಾಗಿಸಬೇಕು. 100 ಎಂಬಿಪಿಎಸ್ ಲೈನಿನಲ್ಲಿ ಸೆಕೆಂಡಿಗೆ 12.5 ಎಂಬಿ ಇಳಿದರೆ ಲೈನ್ ಸರಿಯಾಗಿಯೇ ಇದೆ.

ಇದಕ್ಕಿಂತ ದೊಡ್ಡದು ಅಪ್‌ಲೋಡ್ ಮತ್ತು ಲೇಟೆನ್ಸಿ. ಲೇಟೆನ್ಸಿ ಅಂದರೆ ನೀವು ಕಳಿಸಿದ ಮಾತು ಹೋಗಿ ಉತ್ತರ ಬರಲು ಹಿಡಿಯುವ ಹೊತ್ತು. ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಸುಮಾರು 400 ಕಿಲೋಮೀಟರ್, ಹೋಗಿಬರಲು 4 ಮಿಲಿಸೆಕೆಂಡು. ನಡುವಿನ ಉಪಕರಣ, ಸುತ್ತುದಾರಿ ಸೇರಿ ಒಳ್ಳೆಯ ಫೈಬರ್ ಲೈನಿನಲ್ಲಿ 10ರಿಂದ 20 ಆಗುತ್ತದೆ. ಅದು 100 ದಾಟಿ ಮೇಲೆ ಕೆಳಗೆ ಕುಣಿಯತೊಡಗಿದರೆ ಮೀಟಿಂಗ್‌ನಲ್ಲಿ ನಿಮ್ಮ ಮಾತಿನ ಮೇಲೆ ಇನ್ನೊಬ್ಬರ ಮಾತು ಬೀಳುತ್ತದೆ, ಸ್ಪೀಡು 200 ಇದ್ದರೂ ಸೈ.

ಉಳಿದವು ಇವು: ರಾತ್ರಿ 8ರಿಂದ 11ರ ಗದ್ದಲದ ಹೊತ್ತಿನಲ್ಲಿ ಎಷ್ಟು ಸಿಗುತ್ತದೆ, ಹೆಸ್ಕಾಂ ಕರೆಂಟ್ ಹೋದಾಗ ಏನಾಗುತ್ತದೆ, ಕೆಟ್ಟರೆ ಯಾರು ಎಷ್ಟು ಬೇಗ ಬರುತ್ತಾರೆ, ವರ್ಷಕ್ಕೆ ಒಟ್ಟು ಎಷ್ಟು ಬೀಳುತ್ತದೆ. ಬಿಲ್ಲಿಗೆ ಶೇ 18 ಜಿಎಸ್‌ಟಿ ಸೇರುವುದನ್ನು ಬಹಳ ಮಂದಿ ಮರೆಯುತ್ತಾರೆ. 399ರ ಪ್ಲಾನ್ ಕೈಗೆ 471 ಆಗುತ್ತದೆ, ವರ್ಷಕ್ಕೆ 5,650. 599ರದ್ದು 707, ವರ್ಷಕ್ಕೆ ಸುಮಾರು 8,480.

ಫೈಬರ್: ಸಿಗುವುದಾದರೆ ಮೊದಲು ಇದೇ

ಮನೆಗೆ ಬರುವ ಫೈಬರ್ ಬಹುತೇಕ ಜಿಪಾನ್ ಎಂಬ ಪದ್ಧತಿಯದು. ಕಂಪನಿಯ ಕೋಣೆಯಲ್ಲಿ ಒಂದು ಯಂತ್ರ, ಅದರ ಒಂದು ಬಾಯಿಯಿಂದ ಹೊರಟ ಗಾಜಿನ ಎಳೆಯ ಬೆಳಕನ್ನು ದಾರಿಯಲ್ಲಿ ಸ್ಪ್ಲಿಟರ್‌ಗಳು 32 ಅಥವಾ 64 ಮನೆಗಳಿಗೆ ಹಂಚುತ್ತವೆ. ಆ ಬಾಯಿಯಿಂದ ಒಟ್ಟು 2.5 ಗಿಗಾಬಿಟ್ ಇಳಿಯುತ್ತದೆ, 1.25 ಗಿಗಾಬಿಟ್ ಏರುತ್ತದೆ. ಅಂದರೆ ಅಪ್‌ಲೋಡ್‌ಗೂ ಧಾರಾಳ ಜಾಗ. ಸ್ಪ್ಲಿಟರ್‌ಗೆ ಕರೆಂಟ್ ಬೇಡ, ಅದು ಬರೀ ಗಾಜು. ನಿಮ್ಮ ಓಣಿಯಲ್ಲಿ ಕರೆಂಟ್ ಹೋದರೂ ಕಂಪನಿಯ ಕೋಣೆಗೆ ಬ್ಯಾಟರಿ ಇದ್ದು ಮನೆಯೊಳಗೆ ಆ ಬೆಳಕನ್ನು ಹಿಡಿದು ವೈಫೈ ಕೊಡುವ ನಿಮ್ಮ ಡಬ್ಬಿಗೂ ಬ್ಯಾಟರಿ ಇದ್ದರೆ ನೆಟ್ ನಡೆಯುತ್ತಲೇ ಇರುತ್ತದೆ.

ಹಾಕಿಸುವಾಗ ನೋಡಲೇಬೇಕಾದ್ದು ಬೆಳಕಿನ ಮಟ್ಟ. ಅದನ್ನು ಡಿಬಿಎಂ ಎಂಬ ಅಳತೆಯಲ್ಲಿ ಹೇಳುತ್ತಾರೆ, ದಾರಿಯಲ್ಲಿ ಕಳೆದದ್ದನ್ನು ಡಿಬಿಯಲ್ಲಿ. ಅಂಕಿ ಸೊನ್ನೆಯಿಂದ ಕೆಳಗಿಳಿದಷ್ಟೂ ಬೆಳಕು ಕಡಿಮೆ. ಕಂಪನಿಯ ಕಡೆಯಿಂದ ಸುಮಾರು +3ರಲ್ಲಿ ಹೊರಟಿತು ಅನ್ನಿ. 32 ಮನೆಗಳಿಗೆ ಹಂಚುವುದರಲ್ಲಿ 17 ಕಳೆಯುತ್ತದೆ, 5 ಕಿಲೋಮೀಟರ್ ಎಳೆಯಲ್ಲಿ ಒಂದೂವರೆ, ಜೋಡಣೆಗಳಲ್ಲಿ ಎರಡು. ಮನೆಗೆ ಮುಟ್ಟುವುದು -17ರಿಂದ -18. ಡಬ್ಬಿ -27ರವರೆಗೂ ಬೆಳಕನ್ನು ಓದುತ್ತದೆ, ಆದರೆ ಮೊದಲ ದಿನವೇ -26 ಇದ್ದರೆ ಒಪ್ಪಬೇಡಿ. ಪ್ರತಿ 3 ಡಿಬಿಗೆ ಬೆಳಕು ಅರ್ಧವಾಗುತ್ತದೆ. ಮುಂದೊಂದು ದಿನ ಕನೆಕ್ಟರ್‌ಗೆ ಒಂದಿಷ್ಟು ಧೂಳು ಕೂತರೆ ಸಾಕು, ಎಲ್‌ಓಎಸ್ ಎಂದು ಬರೆದಿರುವ ದೀಪ ಕೆಂಪಾಗುತ್ತದೆ. -15ರಿಂದ -23ರ ನಡುವೆ ಇದ್ದರೆ ನೆಮ್ಮದಿ. ಹಾಕಲು ಬಂದ ಹುಡುಗನ ಬ್ಯಾಗಿನಲ್ಲಿ ಪವರ್ ಮೀಟರ್ ಇರುತ್ತದೆ, ‘ಎಷ್ಟು ಬಂತಪಾ?’ ಎಂದು ಕೇಳಿ. ಇಲ್ಲದಿದ್ದರೆ ಬ್ರೌಸರ್‌ನಲ್ಲಿ 192.168.1.1 ತೆರೆದು (ವಿಳಾಸ ಡಬ್ಬಿಯ ತಳದಲ್ಲಿ ಅಂಟಿಸಿರುತ್ತದೆ) ಆಪ್ಟಿಕಲ್ ಎಂದಿರುವ ಪುಟದಲ್ಲಿ ಆರ್‌ಎಕ್ಸ್ ಪವರ್ (ಬಂದು ಮುಟ್ಟಿದ ಬೆಳಕು) ನೋಡಿ.

ಬೆಳಕು ಸೋರುವುದು ಮೂರು ಕಡೆ. ಒಂದು, ಬಾಗು. ಗಾಜಿನ ಎಳೆಯನ್ನು ಬಾಗಿಲ ಮೂಲೆಯಲ್ಲಿ ಚೂಪಾಗಿ ಮಡಚಿ ಮೊಳೆ ಹೊಡೆದರೆ ಅಲ್ಲಿ ಬೆಳಕು ಗೋಡೆಯತ್ತ ಹೋಗುತ್ತದೆ. ಮನೆಯೊಳಗೆ ಎಳೆಯುವ ಒಳ್ಳೆಯ ಎಳೆ 7.5ರಿಂದ 10 ಮಿಲಿಮೀಟರ್ ತ್ರಿಜ್ಯದವರೆಗೆ ಬಾಗಬಹುದು, ಹಳೆಯ ಮಾದರಿಗೆ 30 ಬೇಕು. ಉಳಿದ ಕೇಬಲ್ ಸುತ್ತಿಡುವುದಾದರೆ ಬಳೆಗಿಂತ ಚಿಕ್ಕ ಸುರುಳಿ ಬೇಡ ಎಂದು ಇಟ್ಟುಕೊಳ್ಳಿ. ಎರಡು, ಕನೆಕ್ಟರ್. ಹಸಿರು ತುದಿಯದನ್ನು 8 ಡಿಗ್ರಿ ಓರೆಯಾಗಿ ತಿಕ್ಕಿರುತ್ತಾರೆ, ನೀಲಿಯದು ನೇರ. ಹಸಿರನ್ನು ನೀಲಿಗೆ ತುರುಕಿದರೆ ನಡುವೆ ಗಾಳಿಯ ಸಂದು ಉಳಿದು ಹಲವು ಡಿಬಿ ಹೋಗುತ್ತದೆ. ಮೂರು, ಜೋಡಣೆ. ಯಂತ್ರದಲ್ಲಿ ಕರಗಿಸಿ ಬೆಸೆದ ಜೋಡಣೆಯಲ್ಲಿ 0.1 ಡಿಬಿಯೂ ಹೋಗುವುದಿಲ್ಲ. ಅವಸರಕ್ಕೆ ಕೈಯಲ್ಲೇ ಒತ್ತಿ ಕೂರಿಸುವ ಫಾಸ್ಟ್ ಕನೆಕ್ಟರ್‌ಗೆ 0.3ರಿಂದ 0.5 ಹೋಗುತ್ತದೆ, ಬಿಸಿಲು ಧೂಳಿಗೆ ಅದು ಸಡಿಲಾಗಲೂಬಹುದು. ಕೇಬಲ್ ಕಡಿದು ಸರಿಪಡಿಸುವಾಗ ಬೆಸೆದೇ ಕೊಡಿ ಎಂದು ಪಟ್ಟು ಹಿಡಿಯಬೇಕಾದ ಜಾಗ ಇದು.

ಸಿಡಿಲಿನ ವಿಷಯದಲ್ಲಿ ಫೈಬರ್‌ಗೆ ಅಂಜಿಕೆ ಇಲ್ಲ ಎನ್ನುತ್ತಾರೆ, ಅದು ಮುಕ್ಕಾಲು ನಿಜ. ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ. ಆದರೆ ಕಂಬದಿಂದ ಮನೆಗೆ ಎಳೆಯುವ ಚಪ್ಪಟೆ ಕರಿ ಕೇಬಲ್ಲಿನಲ್ಲಿ ಜೋಲಿ ತಡೆಯಲೆಂದು ಒಂದು ಉಕ್ಕಿನ ತಂತಿ ಇರುತ್ತದೆ. ಆ ತಂತಿಯನ್ನು ಗೋಡೆಯ ಹೊರಗಿನ ಕೊಕ್ಕೆಗೆ ಬಿಗಿದು ಅಲ್ಲೇ ಕತ್ತರಿಸಬೇಕು. ಒಳಗೆ ಬರಬೇಕಾದ್ದು ಗಾಜಿನ ಭಾಗ ಮಾತ್ರ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ಡಬ್ಬಿ ಸುಡುವುದಕ್ಕೆ ಈ ತಂತಿ ಮೇಜಿನವರೆಗೆ ಬಂದಿರುವುದೂ ಒಂದು ಕಾರಣ, ಇನ್ನೊಂದು ಕರೆಂಟಿನ ಪ್ಲಗ್.

ನಮ್ಮ ಭಾಗದಲ್ಲಿ ಫೈಬರ್ ಕಡಿಯುವುದಕ್ಕೆ ನಮ್ಮವೇ ಕಾರಣಗಳಿವೆ. ನೀರಿನ ಪೈಪು, ಒಳಚರಂಡಿಗೆ ರಸ್ತೆ ಅಗೆಯುವ ಜೆಸಿಬಿ ಒಂದು. ರಸ್ತೆ ಅಡ್ಡಲಾಗಿ ಜೋತುಬಿದ್ದ ಕೇಬಲ್ಲಿಗೆ ಸಿಕ್ಕುವ ಮೇವು ಹೇರಿದ ಟ್ರ್ಯಾಕ್ಟರ್ ಇನ್ನೊಂದು. ಹುಬ್ಬಳ್ಳಿಯಲ್ಲಿ ಗಣಪತಿ ಮೆರವಣಿಗೆಯ ದಾರಿಯಲ್ಲಿದ್ದರಂತೂ ಎತ್ತರದ ಮೂರ್ತಿ ಸಾಗಲು ಕೇಬಲ್ ಎತ್ತುವ, ಬಿಚ್ಚುವ ಕೆಲಸ ಇದ್ದದ್ದೇ. ನವಲಗುಂದ, ಅಣ್ಣಿಗೇರಿ, ರೋಣದ ಎರೆಭೂಮಿಯದು ಬೇರೆಯೇ ತೊಂದರೆ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಕಂಬ ವಾಲುತ್ತದೆ, ಹೂತ ಕೇಬಲ್ ಎಳೆದಂತಾಗಿ ಜೋಡಣೆಯ ಡಬ್ಬಿಯಲ್ಲಿ ಎಳೆ ಬಿಗಿಯುತ್ತದೆ. ಆಗ ನೆಟ್ ಪೂರ್ತಿ ಹೋಗದೆ ಬಂದು ಹೋಗಿ ಮಾಡುತ್ತದೆ, ಹುಡುಕುವುದೂ ಕಷ್ಟ. ಅಲ್ಲಿ ಪ್ರತಿ ಕಂಬದ ಬಳಿ ಒಂದಿಷ್ಟು ಕೇಬಲ್ ಸುತ್ತಿ ಬಿಟ್ಟಿದ್ದಾರೆಯೇ ನೋಡಿ. ಬಿಟ್ಟವರು ಕೆಲಸ ಬಲ್ಲವರು.

ಖರ್ಚು: ಆರಂಭದ ಪ್ಲಾನುಗಳು 400ರಿಂದ 600ರ ಆಸುಪಾಸು, ಜಿಎಸ್‌ಟಿ ಬೇರೆ. ತಿಂಗಳ ಮಿತಿ ಸಾಮಾನ್ಯವಾಗಿ 3 ಟಿಬಿ (ಒಂದು ಟಿಬಿ ಅಂದರೆ ಸಾವಿರ ಜಿಬಿ) ದಾಟಿರುತ್ತದೆ, ಮನೆಯವರಿಗೆ ಅದು ಮಿತಿಯೇ ಅಲ್ಲ. ಹಳ್ಳಿಯವರು ಪಂಚಾಯಿತಿ ಕಚೇರಿಗೆ ಭಾರತ್‌ನೆಟ್ ಫೈಬರ್ ಬಂದಿದೆಯೇ ವಿಚಾರಿಸಬೇಕು. 2011ರಲ್ಲಿ ಬೇರೆ ಹೆಸರಿನಲ್ಲಿ ಆರಂಭವಾದ ಈ ಯೋಜನೆಯ ಉದ್ದೇಶವೇ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಮುಟ್ಟಿಸುವುದು. ಅಲ್ಲಿ ಲೈನ್ ಜೀವಂತವಾಗಿದ್ದರೆ ಊರೊಳಗೆ ಮನೆಗಳಿಗೂ ಎಳೆಸಿಕೊಳ್ಳುವ ದಾರಿ ತೆರೆಯುತ್ತದೆ. ಇನ್ನೂ ಹಳೆಯ ತಾಮ್ರದ ಟೆಲಿಫೋನ್ ಜೋಡಿಯಲ್ಲೇ ನೆಟ್ ಇಟ್ಟುಕೊಂಡವರು ಅದನ್ನು ಬಿಡುವ ಹೊತ್ತು ಇದು. ಅದರಲ್ಲಿ ಸಾಮಾನ್ಯವಾಗಿ ಓಡುವ ಎಡಿಎಸ್‌ಎಲ್ ಪದ್ಧತಿಯ ಮೇಲ್ಮಿತಿಯೇ 24 ಎಂಬಿಪಿಎಸ್, ಅದೂ ಎಕ್ಸ್‌ಚೇಂಜಿನ ಪಕ್ಕದಲ್ಲಿದ್ದರೆ.

ಕೇಬಲ್‌ನವರ ನೆಟ್

ಇಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ನನ್ನ ಮನೆಯೊಳಗೆ ಬರುವುದು ಗಾಜೋ ತಾಮ್ರವೋ? ಈಗ ಹಲವು ಆಪರೇಟರ್‌ಗಳು ಮನೆಯವರೆಗೂ ಫೈಬರ್ ಕೊಡುತ್ತಾರೆ. ಹಾಗಿದ್ದರೆ ಮೇಲಿನ ಮಾತೆಲ್ಲ ಅವರಿಗೂ ಅನ್ವಯ, ಜೊತೆಗೆ ಒಂದು ದೊಡ್ಡ ಲಾಭ: ಕೆಟ್ಟರೆ ಬರುವ ಮನುಷ್ಯ ಅದೇ ಊರಿನವನು. ರಾಣೆಬೆನ್ನೂರು, ಲಕ್ಷ್ಮೇಶ್ವರ, ಶಿಗ್ಗಾವಿಯಂಥ ಊರುಗಳಲ್ಲಿ ಇದು ಸಣ್ಣ ಮಾತಲ್ಲ. ಕಾಲ್ ಸೆಂಟರ್‌ನ ದೂರು ಸಂಖ್ಯೆಗಿಂತ ಸೈಕಲ್ ಮೋಟಾರಿನಲ್ಲಿ ಹತ್ತು ನಿಮಿಷಕ್ಕೆ ಬರುವವನು ಮೇಲು.

ಫೈಬರ್ ಓಣಿಯ ಬಾಯಿಗೆ ನಿಂತು ಅಲ್ಲಿಂದ ಮನೆಮನೆಗೆ ಮಾಳಿಗೆಯಿಂದ ಮಾಳಿಗೆಗೆ ಲ್ಯಾನ್ ವೈರ್ (ಕಂಪ್ಯೂಟರ್‌ಗೆ ಸಿಕ್ಕಿಸುವ ತಾಮ್ರದ ನೆಟ್ ವೈರ್) ಎಳೆದಿದ್ದರೆ ವಿಷಯ ಬೇರೆ. ಲ್ಯಾನ್ ವೈರಿಗೆ 100 ಮೀಟರ್ ಎಂಬ ಗಡಿ ಇದೆ, ಅಷ್ಟು ದೂರಕ್ಕೊಂದು ಸ್ವಿಚ್, ಅಂದರೆ ನೆಟ್ಟನ್ನು ಮುಂದಕ್ಕೆ ಹಂಚುವ ಡಬ್ಬಿ, ಬೇಕು. ಆ ಸ್ವಿಚ್ಚಿಗೆ ಕರೆಂಟ್ ಯಾರದೋ ಮನೆಯಿಂದ. ಅವರು ಊರಿಗೆ ಹೋಗುವಾಗ ಮೇನ್ ಆಫ್ ಮಾಡಿದರೆ ಓಣಿಯ ನೆಟ್ಟೂ ಆಫ್. ಮಾಳಿಗೆಯಿಂದ ಮಾಳಿಗೆಗೆ ಹಾಯ್ದ ತಾಮ್ರ ಸಿಡಿಲಿಗೆ ಸಿದ್ಧ ದಾರಿ: ಹತ್ತಿರ ಸಿಡಿಲು ಬಿದ್ದರೂ ಸಾಕು, ವೈರಿನಲ್ಲಿ ಏಳುವ ವೋಲ್ಟೇಜಿಗೆ ಸ್ವಿಚ್, ರೂಟರ್, ಅದಕ್ಕೆ ಸಿಕ್ಕಿಸಿದ ಟಿವಿ ಒಟ್ಟಿಗೆ ಹೋಗುತ್ತವೆ. ವೈರ್ ಪೂರ್ತಿ ತಾಮ್ರದ್ದೋ ತಾಮ್ರದ ಲೇಪ ಬಳಿದ ಅಲ್ಯೂಮಿನಿಯಮ್ಮಿನದೋ ಎಂದೂ ನೋಡಬೇಕು. ತುದಿಯನ್ನು ಬ್ಲೇಡಿನಿಂದ ಕೆರೆದರೆ ಬೆಳ್ಳಗೆ ಕಂಡದ್ದು ಅಲ್ಯೂಮಿನಿಯಂ. ಅದು ಬಿಸಿಲು ಮಳೆಗೆ ಬೇಗ ಹಾಳು.

ಇಂಥ ಲೈನಿನಲ್ಲಿ ಒಂದು ಗುರುತು ಕಲಿತಿಡಿ. 200 ಎಂಬಿಪಿಎಸ್ ಪ್ಲಾನ್ ಹಾಕಿಸಿದ್ದೀರಿ, ಟೆಸ್ಟ್ ಮಾಡಿದಾಗಲೆಲ್ಲ 94ಕ್ಕೆ ಬಂದು ನಿಲ್ಲುತ್ತದೆ. ಇದು ಕಂಪನಿ ಕಡಿಮೆ ಕೊಟ್ಟದ್ದಲ್ಲ. ಲ್ಯಾನ್ ವೈರಿನ ಎಂಟು ಎಳೆಗಳಲ್ಲಿ ನಾಲ್ಕೇ ಸೇರಿವೆ, ಇಲ್ಲವೇ ನಡುವೆ ಎಲ್ಲೋ 100ರ ಹಳೆಯ ಸ್ವಿಚ್ ಕೂತಿದೆ. ನಾಲ್ಕು ಎಳೆಯಲ್ಲಿ 100ರ ಸಂಪರ್ಕವಷ್ಟೇ ಆಗುತ್ತದೆ, ಅದರಲ್ಲಿ ಕೈಗೆ ಸಿಗುವುದು 94. ತುದಿಯ ಜಾಕ್ ಕತ್ತರಿಸಿ ಹೊಸದು ಒತ್ತಿದರೆ ಎಷ್ಟೋ ಸಲ ಸರಿಹೋಗುತ್ತದೆ.

5ಜಿ ಡಬ್ಬಿ

ಹುಬ್ಬಳ್ಳಿ, ಧಾರವಾಡದ ಹೊಸ ಬಡಾವಣೆಗಳಲ್ಲಿ ಫೈಬರ್ ಇನ್ನೂ ಮುಟ್ಟದ ಕಡೆ ಕೈಹಿಡಿಯುವುದು ಇದು. ದೇಶದಲ್ಲಿ 5ಜಿ ಬಂದದ್ದು 2022ರ ಅಕ್ಟೋಬರ್‌ನಲ್ಲಿ, ಅದನ್ನೇ ಮನೆಯ ನೆಟ್ಟಾಗಿ ಕೊಡುವ ಏರ್‌ಫೈಬರ್‌ಗಳು 2023ರಲ್ಲಿ. ಹೆಸರಿನಲ್ಲಿ ಫೈಬರ್ ಇದ್ದರೂ ನಿಮ್ಮ ಮನೆಗೆ ಬರುವುದು ಗಾಳಿಯಲ್ಲೇ. ಟವರ್‌ನಿಂದ ಹೊರಟ ಅಲೆ ನಿಮ್ಮ ಮಾಳಿಗೆಯ ಆಂಟೆನಾಕ್ಕೆ, ಅಲ್ಲಿಂದ ವೈರಿನಲ್ಲಿ ಒಳಗಿನ ವೈಫೈ ಡಬ್ಬಿಗೆ.

ಅನುಕೂಲ ಸ್ಪಷ್ಟ: ಒಂದು ದಿನದಲ್ಲಿ ಹಾಕುತ್ತಾರೆ, ಗೋಡೆಗೆ ಹೆಚ್ಚು ತೂತಿಲ್ಲ, ಓಣಿ ಅಗೆದರೂ ನಿಮಗೆ ಚಿಂತೆಯಿಲ್ಲ. ತೊಂದರೆ ಏನೆಂದರೆ ಟವರಿನ ಒಂದು ದಿಕ್ಕಿನ ಒಟ್ಟು ಸಾಮರ್ಥ್ಯವನ್ನು ಆ ದಿಕ್ಕಿನ ಎಲ್ಲ ಡಬ್ಬಿಗಳೂ ಎಲ್ಲ ಮೊಬೈಲುಗಳೂ ಹಂಚಿಕೊಳ್ಳುತ್ತವೆ. ಬೆಳಿಗ್ಗೆ ಆರಕ್ಕೆ ಕಂಡ 300 ರಾತ್ರಿ ಒಂಬತ್ತಕ್ಕೆ 40 ಆಗಬಹುದು. ಅಪ್‌ಲೋಡ್ ಕಡಿಮೆ, ಏಕೆಂದರೆ 3.5 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಹೋಗುವುದಕ್ಕೂ ಬರುವುದಕ್ಕೂ ಒಂದೇ ಅಲೆ, ಸರದಿ ಪ್ರಕಾರ. ಸಮಯದ ದೊಡ್ಡ ಪಾಲನ್ನು ಡೌನ್‌ಲೋಡ್‌ಗೆ ಕೊಟ್ಟಿರುತ್ತಾರೆ. ತಿಂಗಳ ಮಿತಿಯೂ ಸಾಮಾನ್ಯವಾಗಿ 1 ಟಿಬಿ. ಟಿವಿ, ಓದು, ಮೊಬೈಲಿಗೆ ಅದು ಸಾಕು. ನಾಲ್ಕು ಸಿಸಿ ಕ್ಯಾಮೆರಾಗಳನ್ನು ಹಗಲಿರುಳು ಕ್ಲೌಡ್‌ಗೆ ಏರಿಸುವವರಿಗೆ ಸಾಲದು: ಒಂದು ಕ್ಯಾಮೆರಾ 2 ಎಂಬಿಪಿಎಸ್ ಆದರೂ ದಿನಕ್ಕೆ 21.6 ಜಿಬಿ, ನಾಲ್ಕಕ್ಕೆ ತಿಂಗಳಿಗೆ ಎರಡೂವರೆ ಟಿಬಿ.

ಮರದ ಎಲೆ ಈ ಅಲೆಯ ಶತ್ರು. ಎಲೆಯಲ್ಲಿರುವ ನೀರು ಅದನ್ನು ಹೀರುತ್ತದೆ. ಮಳೆಯಲ್ಲಿ ತೊಯ್ದ ಮರ ಇನ್ನೂ ಹೆಚ್ಚು. ಸಾಧನಕೇರಿ, ಮಾಳಮಡ್ಡಿಯಂಥ ಮರ ತುಂಬಿದ ಧಾರವಾಡದ ಭಾಗಗಳಲ್ಲಿ ಫೆಬ್ರುವರಿಯಲ್ಲಿ ಎಲೆ ಉದುರಿದಾಗ ಹಾಕಿಸಿ, ಜುಲೈನಲ್ಲಿ ಯಾಕೆ ಹೀಗಾಯಿತು ಎಂದು ಕೇಳುವಂತಾಗಬಾರದು. ಆಂಟೆನಾ ಮರದ ತಲೆಗಿಂತ ಮೇಲೆ ಕೂರಬೇಕು, ಇಲ್ಲವೇ ಮರ ಅಡ್ಡ ಬರದ ಮೂಲೆಗೆ ಸರಿಯಬೇಕು.

ಬುಕ್ ಮಾಡುವ ಮುಂಚೆ ದುಡ್ಡಿಲ್ಲದ ಪರೀಕ್ಷೆ ಒಂದಿದೆ. ಅದೇ ಕಂಪನಿಯ 5ಜಿ ಸಿಮ್ ಇರುವ ಮೊಬೈಲ್ ಹಿಡಿದು ಮಾಳಿಗೆಗೆ ಹೋಗಿ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ಅಬೌಟ್ ಫೋನ್, ಸಿಮ್ ಸ್ಟೇಟಸ್ ತೆರೆದರೆ ಸಿಗ್ನಲ್ ಬಲ ಡಿಬಿಎಂನಲ್ಲಿ ಕಾಣುತ್ತದೆ. -80 ಆಸುಪಾಸು ಉತ್ತಮ, -100 ಬಡಕಲು, -110 ಆದರೆ ಆಸೆ ಬಿಡಿ. ಆಮೇಲೆ ರಾತ್ರಿ ಒಂಬತ್ತೂವರೆಗೆ, ಅದೂ ಭಾನುವಾರ, ಅದೇ ಜಾಗದಲ್ಲಿ ಸ್ಪೀಡ್ ಟೆಸ್ಟ್ ಮೂರು ಸಲ. ಆ ಹೊತ್ತಿನ ಅಂಕಿಯೇ ನಿಮ್ಮ ನಿಜವಾದ ಪ್ಲಾನ್.

ಸಿಮ್ ಹಾಕುವ ಪುಟ್ಟ ರೂಟರ್ ಮತ್ತು ಮೊಬೈಲ್ ಹಾಟ್‌ಸ್ಪಾಟ್ ಇದೇ ಜಾತಿಯ ಚಿಕ್ಕ ತಮ್ಮಂದಿರು. ದಿನಕ್ಕೆ 2 ಜಿಬಿ ಅಂದರೆ ಎಚ್‌ಡಿ ವಿಡಿಯೊ ಒಂದು ಗಂಟೆಯೂ ಪೂರ್ತಿ ಅಲ್ಲ. ಮುಖ್ಯ ಲೈನಾಗಿ ಬೇಡ, ಮುಖ್ಯ ಲೈನ್ ಬಿದ್ದಾಗಿನ ಆಸರೆಯಾಗಿ ಬಹಳ ಒಳ್ಳೆಯದು.

ರೇಡಿಯೊ ಲಿಂಕ್, ಉಪಗ್ರಹ

ಫೈಬರ್ ಇಲ್ಲ, 5ಜಿ ಬಂದಿಲ್ಲ, ಆದರೆ ಐದಾರು ಕಿಲೋಮೀಟರ್ ಆಚೆಯ ಊರಿನಲ್ಲಿ ಫೈಬರ್ ಇದೆ. ಅಂಥ ಕಡೆ ಸ್ಥಳೀಯರು 5 ಗಿಗಾಹರ್ಟ್ಸ್ ಡಿಶ್‌ಗಳಿಂದ ನೆಟ್ ಹಾಯಿಸುತ್ತಾರೆ. ಆ ಪಟ್ಟಿಗೆ ಪರವಾನಗಿ ಬೇಡ, ಹಾಗಾಗಿ ಅಗ್ಗ. ಪರವಾನಗಿ ಬೇಡವಾದ್ದರಿಂದಲೇ ಇನ್ನೊಬ್ಬರೂ ಅದೇ ಚಾನೆಲ್ಲಿಗೆ ಬಂದು ಗೊಂದಲ ಎಬ್ಬಿಸಬಹುದು. ಚೆನ್ನಾಗಿ ಕಟ್ಟಿದ ಲಿಂಕ್ 5ಜಿಗಿಂತ ಸ್ಥಿರ. ಕಟ್ಟುವುದರಲ್ಲೇ ಇರುವುದು ಎಲ್ಲ.

ಎದುರಿನ ಡಿಶ್ ಕಣ್ಣಿಗೆ ಕಂಡರೆ ಸಾಲದು. ಅಲೆ ದಾರಕ್ಕಿಂತ ಬಾಳೆಕಾಯಿಯಂತೆ, ನಡುವೆ ದಪ್ಪವಾಗಿ ಸಾಗುತ್ತದೆ. 5 ಕಿಲೋಮೀಟರ್ ಲಿಂಕಿಗೆ ನಡುವೆ ಆ ದಪ್ಪ ಎಲ್ಲ ಬದಿಗೂ 8 ಮೀಟರ್, ಅದರಲ್ಲಿ ಕನಿಷ್ಠ 5 ಮೀಟರ್ ಖಾಲಿ ಬೇಕು. ಅಂದರೆ ನೋಟದ ಗೆರೆಯಿಂದ 16 ಅಡಿ ಕೆಳಗಿನವರೆಗೂ ಮರದ ತಲೆ ಬರಬಾರದು. ರೋಣ, ನರೇಗಲ್ ಕಡೆಯ ಬಯಲಿಗೆ ಇದು ಹೇಳಿ ಮಾಡಿಸಿದಂತಿದೆ. ಹಾನಗಲ್ಲಿನ ಮರಗಾಡು, ಕಪ್ಪತಗುಡ್ಡದ ಮಗ್ಗುಲಿಗೆ ಕಷ್ಟ. ಇನ್ನು ಗಾಳಿ. ಗದಗ ಸೀಮೆಯಲ್ಲಿ ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗಿನ ಗಾಳಿಗೆ ಒಂಟಿ ಪೈಪು ತಿರುಗಿ ಡಿಶ್ ಕೆಲವೇ ಡಿಗ್ರಿ ಸರಿದರೂ ಲಿಂಕ್ ಅರ್ಧವಾಗುತ್ತದೆ. ಮೂರು ಕಡೆ ತಂತಿ ಬಿಗಿದಿರಬೇಕು, ಪೈಪಿಗೆ ಅರ್ಥಿಂಗ್ ಇರಬೇಕು. ಇವೆರಡೂ ಇಲ್ಲದ ಕಂಬ ಕಂಡರೆ ಮುಂಗಡ ಕೊಡಬೇಡಿ.

ಉಪಗ್ರಹ ಕಟ್ಟಕಡೆಯ ದಾರಿ. ಹಳೆಯ ಬಗೆಯ ಉಪಗ್ರಹ 35,786 ಕಿಲೋಮೀಟರ್ ಎತ್ತರದಲ್ಲಿ ನಿಂತಿದೆ. ನಿಮ್ಮ ಮಾತು ಅಲ್ಲಿಗೇರಿ ಇಳಿದು, ಉತ್ತರವೂ ಹಾಗೇ ಏರಿ ಇಳಿಯಬೇಕು, ಬೆಳಕಿನ ವೇಗದಲ್ಲಾದರೂ ಹೆಚ್ಚುಕಡಿಮೆ ಅರ್ಧ ಸೆಕೆಂಡು ಕಳೆಯುತ್ತದೆ. ಬಿಲ್ ಕಟ್ಟಲು, ಇಮೇಲಿಗೆ ಆದೀತು, ಮಾತಾಡಲು ಆಗದು. ಕೆಲವು ನೂರು ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಹೊಸ ಬಗೆಯವುಗಳಲ್ಲಿ ಈ ತೊಂದರೆ ಇಲ್ಲ, ಆದರೆ ಖರ್ಚಿನಲ್ಲಿ ಫೈಬರ್‌ಗೆ ಸರಿಸಮ ನಿಲ್ಲುವಂಥದ್ದಲ್ಲ.

ಲೈನ್ ಸರಿ ಇದ್ದರೂ ಕೆಡುವುದು ಎಲ್ಲಿ

ವೈಫೈ. ‘ನೆಟ್ ಸ್ಲೋ ಐತಿ’ ಎಂಬ ದೂರುಗಳಲ್ಲಿ ದೊಡ್ಡ ಪಾಲು ಇಲ್ಲಿಯದು. ಲ್ಯಾಪ್‌ಟಾಪನ್ನು ಲ್ಯಾನ್ ವೈರಿನಿಂದ ನೇರ ಡಬ್ಬಿಗೆ ಸಿಕ್ಕಿಸಿ ಟೆಸ್ಟ್ ಮಾಡಿ. ಅಲ್ಲಿ ಪೂರ್ತಿ ಬಂದರೆ ಕಂಪನಿಗೆ ಬಯ್ಯುವಂತಿಲ್ಲ. ನಮ್ಮ ಹಳೆಯ ಮಣ್ಣಿನ ಮಾಳಿಗೆ ಮನೆಗಳ ಗೋಡೆ ಒಂದೂವರೆ-ಎರಡು ಅಡಿ ದಪ್ಪ. ಬೇಸಿಗೆಯಲ್ಲಿ ತಂಪು ಕೊಡುವ ಅದೇ ಗೋಡೆ 5 ಗಿಗಾಹರ್ಟ್ಸ್ ವೈಫೈಯನ್ನು ಅಲ್ಲೇ ತಡೆಯುತ್ತದೆ, 2.4 ಅರೆಬರೆ ದಾಟುತ್ತದೆ. ತಗಡಿನ ಚಾವಣಿಯಂತೂ ಕನ್ನಡಿಯಂತೆ ಹಿಂದಕ್ಕೆ ಹೊಡೆಯುತ್ತದೆ. ಪಡಸಾಲೆಯಿಂದ ಅಡುಗೆಮನೆಯ ಹಿಂದಿನ ಕೋಣೆಗೆ ವೈಫೈ ಬೇಕಾದರೆ ವೈಫೈ ಸಿಗ್ನಲ್ ಹಿಗ್ಗಿಸುವ ರಿಪೀಟರ್ ಕೊಳ್ಳಬೇಡಿ, ಒಂದೇ ರೇಡಿಯೊದಲ್ಲಿ ಕೇಳಿ ಮತ್ತೆ ಹೇಳುವುದರಿಂದ ಅದು ಸ್ಪೀಡನ್ನು ಅರ್ಧ ಮಾಡುತ್ತದೆ. ಬಾಗಿಲ ಮೇಲಿಂದ ಕ್ಯಾಟ್-6 ಎಂಬ ಲ್ಯಾನ್ ವೈರ್ ಎಳೆದು ಆಚೆ ಇನ್ನೊಂದು ಡಬ್ಬಿ ಇಡಿ. ಅಪಾರ್ಟ್‌ಮೆಂಟಿನವರು 2.4ರಲ್ಲಿ 1, 6, 11 ಈ ಮೂರು ಚಾನೆಲ್‌ಗಳಲ್ಲಿ ಖಾಲಿ ಇರುವುದನ್ನು ಹಿಡಿಯಬೇಕು. ನಡುವಿನ ಅಂಕಿ ಇಟ್ಟರೆ ಎರಡು ಕಡೆಯವರಿಗೂ ಅಡ್ಡಿ.

ಆಮೇಲೆ ಕರೆಂಟು. ಫೈಬರ್ ಡಬ್ಬಿ 12 ವೋಲ್ಟಿನಲ್ಲಿ ಸುಮಾರು 10 ವಾಟ್ ತಿನ್ನುತ್ತದೆ. ಒಂದೂವರೆ-ಎರಡು ಸಾವಿರಕ್ಕೆ ಸಿಗುವ ಪುಟ್ಟ ಯುಪಿಎಸ್‌ನ ಮೇಲೆ 10,000 ಎಂಎಎಚ್ ಎಂದಿದ್ದರೆ ಅದು 3.7 ವೋಲ್ಟಿನ ಲೆಕ್ಕ, ಒಟ್ಟು 37 ವಾಟ್-ಗಂಟೆ. ನಷ್ಟ ಕಳೆದು ಮೂರು ಗಂಟೆ ನಡೆಯುತ್ತದೆ. ಮನೆಗೆ ಇನ್ವರ್ಟರ್ ಇದ್ದೂ ಕರೆಂಟ್ ಹೋದಾಗಲೆಲ್ಲ ಡಬ್ಬಿ ಮತ್ತೆ ಮೊದಲಿಂದ ಆನ್ ಆಗುತ್ತಿದ್ದರೆ ಇನ್ವರ್ಟರಿನ ಹಿಂದಿನ ಗುಂಡಿಯನ್ನು ಯುಪಿಎಸ್ ಮೋಡ್‌ಗೆ ಹಾಕಿ. 5ಜಿ ಅಥವಾ ರೇಡಿಯೊದ ಹೊರಗಿನ ಆಂಟೆನಾಕ್ಕೆ ಕರೆಂಟ್ ಹೋಗುವುದು ಲ್ಯಾನ್ ವೈರಿನಲ್ಲೇ, ಬೇರೆ ವೋಲ್ಟೇಜಿನಲ್ಲಿ. 12 ವೋಲ್ಟಿನ ಪುಟ್ಟ ಯುಪಿಎಸ್ ಅದಕ್ಕೆ ಹೊಂದದು, ಇನ್ವರ್ಟರ್ ಲೈನಿಗೇ ಕೊಡಬೇಕು.

ಸಿಸಿ ಕ್ಯಾಮೆರಾವನ್ನು ದೂರದಿಂದ ನೋಡುವವರಿಗೆ ಒಂದು ಮಾತು. ರೂಟರಿನ ಪುಟದಲ್ಲಿ ಕಾಣುವ ವ್ಯಾನ್ ಐಪಿ (ಕಂಪನಿ ನಿಮ್ಮ ಲೈನಿಗೆ ಕೊಟ್ಟ ನೆಟ್ ವಿಳಾಸ) 100.64ರಿಂದ 100.127ರೊಳಗೆ ಶುರುವಾದರೆ ಹೊರಗೆ ಕಾಣುವ ಒಂದೇ ನೆಟ್ ವಿಳಾಸವನ್ನು ಕಂಪನಿ ನಿಮ್ಮಂಥ ಹಲವರಿಗೆ ಹಂಚಿದೆ ಎಂದರ್ಥ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ನೋಡುವ ಹೊಸ ಕ್ಯಾಮೆರಾಗಳಿಗೆ ಇದರಿಂದ ತೊಂದರೆಯಿಲ್ಲ. ರೂಟರಿನಲ್ಲಿ ಪೋರ್ಟ್ (ಹೊರಗಿನಿಂದ ನೇರ ಒಳಬರುವ ದಾರಿ) ತೆರೆದು ನೋಡುವ ಹಳೆಯ ಡಿವಿಆರ್‌ಗೆ (ಕ್ಯಾಮೆರಾ ರೆಕಾರ್ಡರ್), ಆಫೀಸಿನ ಸರ್ವರ್‌ಗೆ ಸ್ಥಿರ ಐಪಿ, ಅಂದರೆ ನಿಮಗೊಬ್ಬರಿಗೇ ಇರುವ ಬದಲಾಗದ ವಿಳಾಸ, ಕೊಳ್ಳಲೇಬೇಕು. ಅದನ್ನು ಕೊಡುತ್ತಾರೆಯೇ ಎಂದು ಲೈನ್ ಹಾಕಿಸುವ ಮುಂಚೆ ಕೇಳಿ.

ಯಾರಿಗೆ ಯಾವುದು

ಸಪ್ತಾಪುರದಲ್ಲಿ ರೂಮು ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ನಾಲ್ವರು: 30-40 ಎಂಬಿಪಿಎಸ್‌ನ ಅಗ್ಗದ ಫೈಬರ್ ಪ್ಲಾನ್, ತಲೆಗೆ ತಿಂಗಳಿಗೆ 120 ರೂಪಾಯಿ ಬೀಳುತ್ತದೆ. ವರ್ಷದ್ದು ಒಟ್ಟಿಗೆ ಕಟ್ಟಬೇಡಿ, ರೂಮು ಬಿಟ್ಟರೆ ಹೋಯಿತು. ಮನೆ ಮಾಲೀಕರು ತೂತು ಹೊಡೆಯಲು ಬಿಡದಿದ್ದರೆ ಕಿಟಕಿಯ ಸಂದಿನಿಂದ ಎಳೆಯಿರಿ, ಆದರೆ ಕಿಟಕಿ ಮುಚ್ಚುವಾಗ ಎಳೆ ಜಜ್ಜದ ಕಡೆ.

ವಿದ್ಯಾನಗರ ಅಥವಾ ನವನಗರದಲ್ಲಿ ಮನೆಯಿಂದಲೇ ಕೆಲಸ ಮಾಡುವ ಗಂಡ-ಹೆಂಡತಿ: 100 ಎಂಬಿಪಿಎಸ್ ಫೈಬರ್ ಮುಖ್ಯ, ಸಿಮ್ ಹಾಕುವ ರೂಟರ್ ಆಸರೆಗೆ, ಪುಟ್ಟ ಯುಪಿಎಸ್ ಖಂಡಿತ. ಆಸರೆಗೆಂದು ಎರಡನೇ ಫೈಬರ್ ಹಾಕಿಸುವವರಿದ್ದಾರೆ. ಎರಡೂ ಕೇಬಲ್ ಒಂದೇ ಕಂಬದಿಂದ ಬಂದಿದ್ದರೆ ಒಂದೇ ಜೆಸಿಬಿಗೆ ಎರಡೂ ಹೋಗುತ್ತವೆ.

ಗದಗಿನ ಮುದ್ರಣಾಲಯದವರು ದಿನಕ್ಕೆ ಹತ್ತಾರು ಸಲ 500 ಎಂಬಿ ಫೈಲ್ ಕಳಿಸಬೇಕು. ಅವರು ಡೌನ್‌ಲೋಡ್ ಬಿಟ್ಟು ಅಪ್‌ಲೋಡ್ ಕೇಳಬೇಕು. ಅಪ್‌ಲೋಡ್ 10 ಇದ್ದರೆ ಒಂದು ಫೈಲಿಗೆ ಏಳು ನಿಮಿಷ, 100 ಇದ್ದರೆ 40 ಸೆಕೆಂಡು. ಹೋಗಲು ಬರಲು ಸರಿಸಮ ಸ್ಪೀಡಿನ ಫೈಬರ್ ಬಿಟ್ಟರೆ ಅವರಿಗೆ ಬೇರೆ ಆಯ್ಕೆ ಇಲ್ಲ.

ಬ್ಯಾಡಗಿಯ ಮೆಣಸಿನಕಾಯಿ ದಲಾಲರಿಗೆ ಸ್ಪೀಡು ಬೇಡವೇ ಬೇಡ, ಇ-ಟೆಂಡರ್‌ಗೆ ಬೆಲೆ ತುಂಬುವ ಗಂಟೆಯಲ್ಲಿ ನೆಟ್ ಬೀಳಬಾರದು ಅಷ್ಟೆ. ಊರಿನ ಆಪರೇಟರ್‌ನ ಫೈಬರ್, ಜೊತೆಗೆ ಬೇರೆಬೇರೆ ಕಂಪನಿಯ ಎರಡು ಸಿಮ್. ಸಂತೆಯ ದಿನ ಟವರ್ ತುಂಬಿರುತ್ತದೆ, ಆದ್ದರಿಂದ 5ಜಿ ಡಬ್ಬಿಯನ್ನೇ ನಂಬಿ ಕೂರುವುದು ಬೇಡ.

ಮುಂಡರಗಿ, ಶಿರಹಟ್ಟಿ ಕಡೆಯ ಹಳ್ಳಿಯ ಮನೆಯವರು ಮೊದಲು ಪಂಚಾಯಿತಿಯ ಫೈಬರ್ ವಿಚಾರಿಸಿ, ಆಮೇಲೆ ಮಾಳಿಗೆಯ ಮೇಲೆ 5ಜಿ ಪರೀಕ್ಷೆ, ಅದೂ ಇಲ್ಲದಿದ್ದರೆ ರೇಡಿಯೊ. ಹೊಲದ ಮನೆಯಲ್ಲಿ ಪಂಪ್‌ಸೆಟ್ ಕಾಯಲು ಒಂದೇ ಕ್ಯಾಮೆರಾ ಸಾಕೆನ್ನುವವರಿಗೆ ಇದ್ಯಾವುದೂ ಬೇಡ. 4ಜಿ ಸಿಮ್ ಇರುವ ಕ್ಯಾಮೆರಾ, ಮನುಷ್ಯ ಓಡಾಡಿದಾಗ ಮಾತ್ರ ಕಳಿಸುವಂತೆ ಹೊಂದಿಸಿ. ದಿನಕ್ಕೆ ಒಂದು ಜಿಬಿಯೊಳಗೆ ಮುಗಿಯುತ್ತದೆ.

ಯಾವುದನ್ನು ಆರಿಸಿದರೂ ಮೊದಲು ಒಂದು ತಿಂಗಳಿನದೋ ಮೂರು ತಿಂಗಳಿನದೋ ಕಟ್ಟಿ, ಸಾಧ್ಯವಾದರೆ ಅದರಲ್ಲಿ ಒಂದು ಮಳೆಯ ತಿಂಗಳು ಬರಲಿ. ಕೆಟ್ಟಾಗ ದೂರು ಸಂಖ್ಯೆ ಬರೆದುಕೊಳ್ಳಿ, ಸರಿಹೋಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಅಧಿಕಾರಿಗೆ ಬರೆಯಲು ಆ ಸಂಖ್ಯೆ ಬೇಕು. ಫೈಬರ್ ಹಾಕಿಸಿದ ದಿನವೇ ಬೆಳಕಿನ ಮಟ್ಟವನ್ನೂ ತಾರೀಖನ್ನೂ ಒಂದು ಚೀಟಿಯಲ್ಲಿ ಬರೆದು ಡಬ್ಬಿಯ ತಳಕ್ಕೆ ಅಂಟಿಸಿಡಿ. ಆರು ತಿಂಗಳ ಮೇಲೆ ನೆಟ್ ತಡವರಿಸಿದಾಗ -19 ಇದ್ದದ್ದು -25 ಆಗಿದೆ ಎಂದು ಫೋನಿನಲ್ಲಿ ಹೇಳಿದರೆ, ಬರುವವನು ಬೆಸೆಯುವ ಯಂತ್ರ ಹಿಡಿದೇ ಬರುತ್ತಾನೆ.